ಕೂಪನ್ ಮುಗಿಯುವ ತನಕ

೭ ಮೇ ೨೦೦೫, ಶನಿವಾರ

ಬೆಳಿಗ್ಗೆ ಹಾಲು ಒಡೆಯಿತು. ದೋಸೆ ಹಿಟ್ಟು ಉಕ್ಕಿ ಕಟ್ಟೆ ತುಂಬ. ಕಾರ್ತಿಕನಿಗೆ ದೋಸೆ ಬೇಡ, ನಮಿತಾಳಿಗೆ ಚಟ್ನಿ ಬೇಡ, ಅತ್ತೆಗೆ ನಾನು ಮೀಯುವ ಮೊದಲು ಒಲೆ ಮುಟ್ಟಿದ್ದು ಬೇಡ. ಗಂಡ ಅನ್ನುವ ಇವರಿಗೆ ಎಲ್ಲವೂ ಬೇಕು, ಬಿಸಿಯಾಗಿ ಬೇಕು. ನಾನು ತಿಂದದ್ದು ಹತ್ತೂವರೆಗೆ, ತಣ್ಣಗಿನದು, ನಿಂತುಕೊಂಡೇ.

ಮಧ್ಯಾಹ್ನ ಇವರು ಅಂಗಡಿಯಿಂದ ನಗುತ್ತ ಬಂದರು. ಫ್ಯಾನು, ಮಿಕ್ಸರು ಮಾರುವವರಿಗೆ ಮೇ ತಿಂಗಳಲ್ಲಿ ನಗು ಬರುವುದು ಸಹಜ. ಆದರೆ ವಿಷಯ ಬೇರೆ. ಕಿರವತ್ತಿ ಆಚೆ ಹೆದ್ದಾರಿ ಬದಿಗೆ ಹೊಸ ವಾಟರ್ ಪಾರ್ಕ್ ಆಗಿದೆಯಲ್ಲ, ಜಲಸಿರಿ, ಅದರ ಫ್ಯಾಮಿಲಿ ಪ್ಯಾಕೇಜ್ ತಗೊಂಡು ಬಂದಿದ್ದಾರೆ. ಮೂರು ದಿನ. ಕಾಟೇಜು, ಎಲ್ಲ ಆಟ, ಮತ್ತೆ ಊಟ. ತಿಂಡಿ, ಮಧ್ಯಾಹ್ನದ ಊಟ, ಸಂಜೆ ಚಹಾ-ಬಜ್ಜಿ, ರಾತ್ರಿ ಊಟ... ಎಲ್ಲದಕ್ಕೂ ದುಡ್ಡು ಮೊದಲೇ ಕೊಟ್ಟಾಗಿದೆ. ಗುಲಾಬಿ ಬಣ್ಣದ ಕೂಪನ್ ಪುಸ್ತಕ. ಹರಿದು ಕೊಡುವುದು, ಉಣ್ಣುವುದು.

ಮೂರು ದಿನ ಒಲೆ ಮುಂದೆ ನಿಲ್ಲಬೇಕಾಗಿಲ್ಲ! ಇನ್ಯಾರೋ ಮಾಡಿದ್ದನ್ನು ಕೂತು ಉಣ್ಣುವುದು. ಬಿಸಿ ಇರುವಾಗಲೇ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಇವರು ನನಗೆ ತಂದ ಒಳ್ಳೆಯ ವಸ್ತು ಇದೇ ಇರಬೇಕು. ಅವರಿಗೆ ಹಾಗೆ ಹೇಳಲಿಲ್ಲ. ಹೇಳಿದರೆ ಹಿಂದಿನ ಸೀರೆಗಳ ಮಾತು ಬರುತ್ತದೆ.

೧೨ ಮೇ

ತವರಿಗೆ, ಹೆಗ್ಗರಣೆಗೆ ಹೋಗಿ ಬಂದೆ. ಅಪ್ಪಯ್ಯನಿಗೆ ಉಬ್ಬಸ ಹೆಚ್ಚಾಗಿದೆ. ದಿಂಬು ಮೂರು ಇಟ್ಟುಕೊಂಡು ಕೂತೇ ನಿದ್ದೆ. ಕಾಲು ಬಾತಿದೆ. ಡಾಕ್ಟರು ಹೃದಯ ಸುಸ್ತಾಗಿದೆ ಅಂದರಂತೆ. ಆಯಿ ಹಗಲೂ ರಾತ್ರಿ ಗಂಡನ ಕಾಲು ಒತ್ತುತ್ತ ಕೂತಿರುತ್ತಾಳೆ.

ನಾನು ಪಾರ್ಕಿಗೆ ಹೋಗುವುದಿಲ್ಲ ಅಂದೆ. ಅಪ್ಪಯ್ಯ ಉಸಿರು ಎಳೆದುಕೊಂಡು ನಕ್ಕ. "ದುಡ್ಡು ಕೊಟ್ಟಾಯ್ದಲೆ ತಂಗಿ. ಮಕ್ಕ ಆಸೆ ಮಾಡ್ತ. ಹೋಗಿ ಬಾ. ಆನು ಎಲ್ಲಿಗೂ ಹೋಗ್ತ್ನಿಲ್ಲೆ."

ಹೊರಡುವಾಗ ಅಣ್ಣನಿಗೆ ಪಾರ್ಕಿನ ಆಫೀಸಿನ ಫೋನ್ ನಂಬರ್ ಬರೆದುಕೊಟ್ಟೆ. ನಾಗಪತಿ ಅಣ್ಣ ಅದನ್ನು ಕ್ಯಾಲೆಂಡರಿನ ಮೇಲೆಯೇ ದೊಡ್ಡದಾಗಿ ಬರೆದ. "ಸ್ವಲ್ಪ ಏರುಪೇರಾದ್ರೂ ಫೋನ್ ಮಾಡ್ತೆ. ನೀ ಹೆದ್ರಡ."

೧೬ ಮೇ, ಸೋಮವಾರ

ಜಗಳ. ದಿನ ಮುಂದೆ ಹಾಕಿ ಅಂದೆ. ತಾರೀಕು ಬದಲಿಸಲು ಬರುವುದಿಲ್ಲವಂತೆ, ಉಳಿದ ಕೂಪನಿಗೆ ದುಡ್ಡು ವಾಪಸಿಲ್ಲವಂತೆ, ಪುಸ್ತಕದ ಹಿಂದೆಯೇ ಅಚ್ಚು ಹಾಕಿದ್ದಾರಂತೆ. ನಾನು ಒಬ್ಬಳು ಹೆಗ್ಗರಣೆಗೆ ಹೋಗುತ್ತೇನೆ, ನೀವು ಹೋಗಿ ಬನ್ನಿ ಅಂದೆ. ಅದಕ್ಕೂ ಮುಖ ಊದಿತು. ನನ್ನ ಪಾಲಿನ ಊಟ ಯಾರು ಉಣ್ಣಬೇಕು?

ಕಡೆಗೆ ಇವರು ಮೆತ್ತಗಾದರು. "ಫೋನ್ ಬಂದ್ರೆ ಆ ಕ್ಷಣ ಹೊರಡೂದೇ. ಅಲ್ಲಿಂದ ಹೆಗ್ಗರಣೆ ಎಷ್ಟು ದೂರಿದ್ದು? ಮೂರು ತಾಸು. ದೇವ್ರಾಣೆ ಹೇಳ್ತೆ." ದೇವರಾಣೆ ಅಂದ ಮೇಲೆ ಬಟ್ಟೆ ಮಡಚಿ ಬ್ಯಾಗಿಗೆ ತುಂಬಿದೆ.

ಅತ್ತೆಯೂ ಬರುತ್ತಾರೆ. ಹೊರಗಿನ ಅನ್ನ ಮುಟ್ಟುವುದಿಲ್ಲ, ಅವಲಕ್ಕಿ, ಬೆಲ್ಲ, ಬಾಳೆಹಣ್ಣು ಕಟ್ಟಿಕೊಂಡಿದ್ದಾರೆ. ಆದರೂ ಅವರ ಹೆಸರಿನಲ್ಲೂ ಕೂಪನ್ ಇದೆ. ಯಾಕೆ ಅಂತ ಕೇಳಿದರೆ "ಪ್ಯಾಕೇಜಲ್ಲಿ ಬತ್ತು" ಅಂತ. ಪುಕ್ಕಟೆ ಸಿಕ್ಕಿದರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಅನ್ನುವ ಜಾತಿ.

೧೭ ಮೇ, ಸಂಜೆ — ಜಲಸಿರಿ

ಬಂದೆವು. ಸಿಮೆಂಟಿನ ಆನೆ, ಸಿಮೆಂಟಿನ ಮೊಸಳೆ, ನೀಲಿ ಬಣ್ಣದ ಜಾರುಬಂಡಿಗಳು. ದೊಡ್ಡ ಕೊಳದಲ್ಲಿ ತಾಸಿಗೊಮ್ಮೆ ಗಂಟೆ ಹೊಡೆದು ತೆರೆ ಎಬ್ಬಿಸುತ್ತಾರೆ. ಮಕ್ಕಳು ನೀರು ಬಿಟ್ಟು ಏಳುವುದಿಲ್ಲ. ನಮಿತಾಳ ಈಜುಡುಗೆ ಕಂಡು ಅತ್ತೆ ಮುಖ ತಿರುಗಿಸಿದರು. ನಾನು ಸೀರೆ ಮೊಣಕಾಲಿನವರೆಗೆ ಎತ್ತಿ ಕಾಲು ಇಳಿಬಿಟ್ಟು ಕೂತದ್ದಕ್ಕೂ "ಮರ್ಯಾದೆ ಇಲ್ಲೆ" ಅಂದರು. ಇರಲಿ.

ಊಟದ ಹಾಲಿನ ಬಾಗಿಲಲ್ಲಿ ಕೂಪನ್ ಹರಿಯುವ ಹೆಂಗಸು ಗಿರಿಜವ್ವ, ಕಿರವತ್ತಿಯವಳು. ದೊಡ್ಡ ಕುಂಕುಮ, ಬಾಯಿ ತುಂಬ ಮಾತು. ತಟ್ಟೆ ಹಿಡಿದು ನಿಂತರೆ ಬಡಿಸುವವಳೂ ಅವಳೇ. ನಾನು ಅಭ್ಯಾಸಬಲದಿಂದ ಮಕ್ಕಳಿಗೆ ಬಡಿಸಲು ಸೌಟಿಗೆ ಕೈ ಹಾಕಿದೆ. ಗಿರಿಜವ್ವ ಕೈ ಹಿಡಿದು ಕೂರಿಸಿದಳು. "ನೀವು ಕುಂದರ್ರಿ ಅಕ್ಕಾರ. ಇಲ್ಲಿ ನೀವು ಉಣ್ಣಾಕ ಬಂದೀರಿ, ನೀಡಾಕಲ್ಲ."

ಕಣ್ಣಲ್ಲಿ ನೀರು ಬಂತು. ಎಷ್ಟು ಸಣ್ಣ ಮಾತಿಗೆ! ಚಪಾತಿ ಬಿಸಿ ಇತ್ತು. ನಾಲ್ಕು ತಿಂದೆ. ಇವರು ತಮ್ಮ ಕೂಪನ್ನಿನದು ಮುಗಿಸಿ, ಅತ್ತೆಯ ಕೂಪನ್ ಹರಿಸಿ ಇನ್ನೊಂದು ತಟ್ಟೆ ತುಂಬಿಸಿಕೊಂಡರು.

ಆಫೀಸಿನಿಂದ ಹೆಗ್ಗರಣೆಗೆ ಫೋನ್ ಮಾಡಿದೆ. ಅತ್ತಿಗೆ ಎತ್ತಿದಳು. ಅಪ್ಪಯ್ಯ ಗಂಜಿ ಕುಡಿದನಂತೆ, ಚೊಲೋ ಇದ್ದಾನಂತೆ. ನಿದ್ದೆ ಬರಬಹುದು ಇವತ್ತು.

೧೮ ಮೇ, ಬುಧವಾರ, ಸಂಜೆ

ಇವತ್ತಿನಂಥ ದಿನ ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಮೊದಲಿನಿಂದ ಬರೆಯಬೇಕು.

ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಆಫೀಸಿನ ಹುಡುಗ ಬಂದು ಇವರನ್ನು ಫೋನಿಗೆ ಕರೆದ. ನಾನೂ ಏಳಲು ಹೋದೆ, "ಮಕ್ಕಳನ್ನ ನೋಡು" ಅಂತ ಹೋದರು. ಐದು ನಿಮಿಷಕ್ಕೆ ವಾಪಸು ಬಂದು ತಟ್ಟೆಯಲ್ಲಿದ್ದ ಇಡ್ಲಿ ಮುಗಿಸಿದರು. "ಹೆಗ್ಗರಣೆಯದ್ದಾ?" ಅಂದೆ. "ಅಲ್ಲ, ಅಂಗಡಿದು. ಸ್ಟಾಕ್ ಬಂತಡ." ಉಸಿರು ಬಿಟ್ಟೆ. ಆಮೇಲೆ ಕಾಟೇಜಿನ ಹಿಂದೆ ಅತ್ತೆ, ಇವರು ಸುಮಾರು ಹೊತ್ತು ಪಿಸಿಪಿಸಿ. ತಾಯಿ ಮಗ ಏನಾದರೂ ಗುಟ್ಟು ಮಾತಾಡದೆ ದಿನ ಹೋದರೆ ಅದೇ ವಿಶೇಷ.

ಆಮೇಲೆ ಅತ್ತೆ ನನ್ನ ಹತ್ತಿರ ಬಂದರು. ಸ್ವಲ್ಪ ದೂರವೇ ನಿಂತು, "ಹೋಗೆ ಪರಿಮಳಾ, ನೀನೂ ನೀರಿಗೆ ಇಳಿ" ಅಂದರು.

ಕಿವಿ ನಂಬಲಿಲ್ಲ. ನಿನ್ನೆ ಕಾಲು ಕಂಡಿದ್ದಕ್ಕೆ ಮರ್ಯಾದೆ ಹೋಗಿತ್ತು!

"ಬಟ್ಟೆ ಬದಲ್ಸದೂ ಬ್ಯಾಡ. ಉಟ್ಟ ಸೀರೆಲೇ ಇಳಿ. ಪೂರಾ ಮುಳುಗು, ತಲೆನೂ ಒದ್ದೆ ಆಗವು. ಇಲ್ಲಿ ನಿನ್ನ ಯಾರು ನೋಡ್ತ?"

ಇಳಿದೆ. ಗಂಟೆ ಹೊಡೆಯಿತು, ತೆರೆ ಬಂತು, ನಮಿತಾ ಒಂದು ಕೈ, ಕಾರ್ತಿಕ ಒಂದು ಕೈ. ಬಿದ್ದೆ. ಬಾಯಿ ತುಂಬ ನೀರು. ಸೀರೆ ಬಲೂನಿನ ಹಾಗೆ ಉಬ್ಬಿ ಮಕ್ಕಳು ನಕ್ಕು ನಕ್ಕು ಸಾಕಾದರು. ನಾನೂ ನಕ್ಕೆ, ಗಟ್ಟಿಯಾಗಿ. ದಂಡೆಯಲ್ಲಿ ನಿಂತು ಅತ್ತೆ "ಇನ್ನೊಂದ್ಸಲ ಮುಳುಗು, ಇನ್ನೊಂದ್ಸಲ" ಅಂತ ಕೂಗುತ್ತಿದ್ದರು. ಮೂರು ಸಲ ಮುಳುಗಿದೆ. ಮೇಲೆ ಬಂದಾಗ ಟವೆಲ್ ಎಸೆದರು. "ಆತು. ಇನ್ನು ಊಟಕ್ಕೆ ಅಡ್ಡಿಲ್ಲೆ" ಅಂದರು.

ಹದಿನಾಲ್ಕು ವರ್ಷಕ್ಕೆ ಅತ್ತೆ ನನಗೆ ಒಂದು ಸಂತೋಷ ಮಾಡು ಅಂದರು. ಅವರ ಬಗ್ಗೆ ಈ ಪುಸ್ತಕದಲ್ಲಿ ಬರೆದದ್ದನ್ನೆಲ್ಲ ಹೊಡೆದು ಹಾಕಬೇಕು ಅನ್ನಿಸುತ್ತಿದೆ.

ಒಂದೇ ಬೇಸರ, ಹೆಗ್ಗರಣೆಗೆ ಫೋನ್ ಮಾಡಲಾಗಲಿಲ್ಲ. ಆಫೀಸಿನ ಲೈನ್ ಕೆಟ್ಟಿದೆಯಂತೆ, ಇವರು ವಿಚಾರಿಸಿ ಬಂದರು. ಇವರ ಮೊಬೈಲಿಗೆ ಇಲ್ಲಿ ಸಿಗ್ನಲ್ ಇಲ್ಲ.

ರಾತ್ರಿಗೆ ಜಾಮೂನು ಇದೆಯಂತೆ.

೧೯ ಮೇ, ಮಧ್ಯಾಹ್ನ

ಹೊರಡುವ ಹೊತ್ತು. ಬಾಡಿಗೆ ಓಮ್ನಿಗೆ ಬ್ಯಾಗು ಏರಿಸುತ್ತಿದ್ದಾರೆ, ನಾನು ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಮನಸ್ಸು ಸರಿಯಿಲ್ಲ. ಬೆಳಿಗ್ಗೆ ನಾನೇ ಆಫೀಸಿಗೆ ಹೋದೆ. ಅಲ್ಲಿನವನು ನನ್ನ ಹಿಂದೆ ನಿಂತಿದ್ದ ಇವರ ಮುಖ ನೋಡಿ, "ಲೈನಿಲ್ಲ ಮೇಡಂ" ಅಂದ. ಫೋನು ಅವನ ಕೈಯಲ್ಲೇ ಇತ್ತು.

ತಿಂಡಿ ಆದ ಕೂಡಲೇ ಹೊರಡೋಣ ಅಂದರೆ ಕೇಳಲಿಲ್ಲ. ಊಟದ ಕೂಪನ್ ಒಂದು ಉಳಿದಿದೆಯಲ್ಲ. ಹೊಟ್ಟೆಯಲ್ಲಿ ಜಾಗ ಇಲ್ಲದಿದ್ದರೂ ಪುಸ್ತಕದಲ್ಲಿ ಹಾಳೆ ಇದೆ.

ಗಿರಿಜವ್ವ ಇವತ್ತು ನನ್ನ ಮುಖ ನೋಡದೆ ಬೇರೆಯವರ ಕೂಪನ್ ಹರಿಯುತ್ತಿದ್ದಳು. ನನ್ನ ಕೂಪನ್ ಮುಂದೆ ಹಿಡಿದರೆ, "ನಿಮ್ಮದು ನಾ ಹರಿಯಂಗಿಲ್ರಿ" ಅಂದಳು. ಯಾಕೆ ಅಂದೆ. ಸೆರಗಿನಿಂದ ಮೂಗು ಒರೆಸಿಕೊಂಡು ಆಚೆ ಹೋದಳು. ಇವರು ಬಂದು ತಾವೇ ಹರಿದು ಡಬ್ಬಿಗೆ ಹಾಕಿ, "ತಲೆ ಸರಿ ಇಲ್ಲೆ ಇವಕ್ಕೆ" ಅಂದರು.

ಅರ್ಧ ಅನ್ನ ತಟ್ಟೆಯಲ್ಲೇ ಬಿಟ್ಟೆ. ಕರೆಯುತ್ತಿದ್ದಾರೆ.

೨೩ ಮೇ — ಹೆಗ್ಗರಣೆ

ಅಪ್ಪಯ್ಯ ಹೋಗಿದ್ದು ಹದಿನೆಂಟಕ್ಕೆ, ಬೆಳಗಿನ ಜಾವ.

ನಾಲ್ಕು ದಿನ ಪೆನ್ನು ಹಿಡಿಯಲಾಗಲಿಲ್ಲ. ಈಗ ಬರೆಯದಿದ್ದರೆ ತಲೆ ಒಡೆಯುತ್ತದೆ.

ಯಲ್ಲಾಪುರದಲ್ಲಿ ಪೆಟ್ರೋಲ್ ಹಾಕಿಸಲು ನಿಂತೆವು. ಮಾಗೋಡಿನ ಶ್ರೀಪಾದಣ್ಣ ಬಸ್ಸಿಳಿದು ಬರುತ್ತಿದ್ದ, ಅಪ್ಪಯ್ಯನ ಸೋದರಳಿಯ. ನನ್ನನ್ನು ನೋಡಿ ನಿಂತ. ಸಿಟ್ಟೋ ಸಂಕಟವೋ ಮುಖದಲ್ಲಿ. "ಈಗ ಹೊರಟ್ಯನೇ ತಂಗಿ? ನಿನ್ನೆ ಮಧ್ಯಾಹ್ನದವರೆಗೆ ಮಾವನ ಇಟ್ಟುಕೊಂಡು ಕಾದ್ಯ. ನಿಂಗೆ ಬಪ್ಪಲೆ ಆಗ್ತಿಲ್ಲೆ, ಕಾಯೂದು ಬ್ಯಾಡ ಹೇಳಿ ದಿನಕರ ಫೋನಲ್ಲಿ ಹೇಳಿದ್ನಡ. ಆದ್ರೂ ನಿನ್ನ ಆಯಿ ಕೇಳಿದ್ದಿಲ್ಲೆ. ಬಂದೇ ಬತ್ತು ಹೇಳಿ ಕೂತಿತ್ತು."

ಇವರನ್ನು ನೋಡಿದೆ. ಪೆಟ್ರೋಲಿನ ಮೀಟರು ನೋಡುತ್ತಿದ್ದರು.

ಕೂಗಿದೆನಂತೆ. ನನಗೆ ನೆನಪಿಲ್ಲ. ಕಾರ್ತಿಕ ಹೆದರಿ ಅತ್ತನಂತೆ. ಅತ್ತೆ ಅಂದದ್ದು ಮಾತ್ರ ಕಿವಿಯಲ್ಲಿದೆ. "ರಸ್ತೆ ಮೇಲೆ ಗಲಾಟೆ ಮಾಡಡ." ಅವರನ್ನೂ ಮಕ್ಕಳನ್ನೂ ಶಿರಸಿಯ ಮನೆಯಲ್ಲಿ ಇಳಿಸಿ ಇವರು ನನ್ನನ್ನು ಇಲ್ಲಿಗೆ ತಂದು ಬಿಟ್ಟರು. ದಾರಿಯುದ್ದಕ್ಕೂ ಡ್ರೈವರನ ಜೊತೆ ಮಳೆ ಯಾವಾಗ ಅನ್ನುವ ಮಾತು.

ಅಪ್ಪಯ್ಯನ ಹಾಸಿಗೆ ಸುಟ್ಟಾಗಿತ್ತು. ಮಂಚ ಬಿಸಿಲಿಗೆ ನಿಲ್ಲಿಸಿದ್ದರು. ಮುಖ ನೋಡಲು ಏನೂ ಉಳಿದಿರಲಿಲ್ಲ. ಇವರು ಹತ್ತು ನಿಮಿಷ ಕೂತು, ಅಣ್ಣನ ಕೈ ಹಿಡಿದು ಏನೋ ಹೇಳಿ ಹೋದರು. ಅಣ್ಣ ನನ್ನ ಹತ್ತಿರ ಬರಲಿಲ್ಲ.

೨೫ ಮೇ

ಇವರ ಫೋನು. ನಾನು ಒಂದೇ ಕೇಳಿದೆ, ಯಾಕೆ ಅಂತ.

"ಜೀವ ಹೋಗಾಗಿತ್ತು. ನೀ ಹೋಗಿದ್ರೆ ಎದ್ದು ಕೂರ್ತಿದ್ವಾ ಮಾವಯ್ಯ? ಮಕ್ಕ ಎಷ್ಟು ದಿನದಿಂದ ಕಾಯ್ತಾ ಇದ್ದಿದ್ದ. ಮೂರು ದಿನಕ್ಕೆ ಕೊಟ್ಟಾಗಿತ್ತು, ಒಂದೇ ದಿನ ಆಗಿತ್ತು."

ಕೂಪನ್ ಅನ್ನುವ ಶಬ್ದ ಇವರ ಬಾಯಿಗೆ ಬರಲಿಲ್ಲ. ನಾಚಿಕೆ ಇರಬೇಕು, ಅಷ್ಟಾದರೂ.

"ನಿಂಗೆ ಎಂತ ದೋಷನೂ ಇಲ್ಲೆ" ಅಂತ ಸಮಾಧಾನ ಬೇರೆ. "ಕೇಳಿದ ಮೇಲೇ ಸೂತಕ. ಭಟ್ರ ಹತ್ರನೂ ಕೇಳಿದ್ದೆ. ನಿಂಗೆ ಗೊತ್ತಿತ್ತಿಲ್ಲೆ, ಹಾಂಗಾಗಿ ನೀ ಉಂಡಿದ್ರಲ್ಲಿ ತಪ್ಪಿಲ್ಲೆ. ಆದ್ರೂ ಎನ್ನ ಆಯಿಗೆ ಸಮಾಧಾನ ಇತ್ತಿಲ್ಲೆ, ಅದ್ಕೇ ಮೀಯಿಸಿತು."

ಮೀಯಿಸಿತು.

ಫೋನ್ ಇಟ್ಟ ಮೇಲೆ ಗೊತ್ತಾಯಿತು. ಉಟ್ಟ ಬಟ್ಟೆಯಲ್ಲೇ ಮುಳುಗು. ತಲೆ ಒದ್ದೆ ಆಗಬೇಕು. ಇನ್ನೊಂದು ಸಲ, ಇನ್ನೊಂದು ಸಲ. ಸಾವು ಕೇಳಿದವರು ಮೀಯುವ ಸ್ನಾನ ಅದು. ನನ್ನ ಅಪ್ಪನ ಸಾವಿನ ಸ್ನಾನ. ಇಲ್ಲಿ ಅಪ್ಪಯ್ಯನನ್ನು ಅಂಗಳದಲ್ಲಿ ಮಲಗಿಸಿ ನನ್ನ ದಾರಿ ಕಾಯುತ್ತಿದ್ದಾಗ ನಾನು ಆ ನೀರಿನಲ್ಲಿ ಬಿದ್ದು ಹೊರಳಿ ನಕ್ಕೆ. ಮಕ್ಕಳ ಕೈ ಹಿಡಿದು ನಕ್ಕೆ. ಅತ್ತೆ ದೂರ ನಿಂತದ್ದು ಪ್ರೀತಿಗಲ್ಲ, ಮೈಲಿಗೆ ತಾಗದಿರಲಿ ಅಂತ. ಟವೆಲ್ ಎಸೆದದ್ದೂ ಅದಕ್ಕೇ. ಹೇಳುವಷ್ಟು ಮನುಷ್ಯತ್ವ ಇಲ್ಲ, ಮೀಯಿಸುವಷ್ಟು ಶಾಸ್ತ್ರ ಇದೆ.

ಅವತ್ತು ಅವರನ್ನು ಹೊಗಳಿ ಬರೆದದ್ದನ್ನು ಓದಿದೆ. ಹರಿದು ಹಾಕಲು ಹೋದೆ. ಇರಲಿ ಅಂತ ಬಿಟ್ಟೆ, ಎಷ್ಟು ಪೆದ್ದಿ ಇದ್ದೆ ಅಂತ ತಿಳಿಯಲಿ.

ದ್ವೇಷ ಬಂದಿದೆ. ಬರೆಯುತ್ತೇನೆ, ಯಾರು ಓದುತ್ತಾರೆ? ಇವರನ್ನು ಕಂಡರೆ ನನಗೆ ದ್ವೇಷ.

೨೭ ಮೇ

ಇಲ್ಲಿ ಎಲ್ಲರೂ ನಂಬಿದ್ದಾರೆ. ನಾನೇ ಬರುವುದಿಲ್ಲ ಅಂದೆ, ಪಾರ್ಕು ಬಿಟ್ಟು ಬರಲಿಲ್ಲ ಅಂತ. ಅತ್ತಿಗೆ ಬಾವಿಕಟ್ಟೆಯಲ್ಲಿ ನೀರೆತ್ತುತ್ತ ಕೇಳಿದಳು, "ಊಟ ಎಲ್ಲ ಚೊಲೋ ಇತ್ತನೇ ಅಲ್ಲಿ?" ಕೊಡ ಅವಳ ತಲೆಗೆ ಹಾಕುವ ಹಾಗಾಯಿತು. "ಎಂಗೆ ಗೊತ್ತಿತ್ತಿಲ್ಲೆ ಅತ್ತಿಗೆ" ಅಂದೆ. ಅವಳು ನಕ್ಕಳು. "ನಿನ್ನ ಗಂಡಂಗೆ ಆನೇ ಫೋನ್ ಮಾಡಿದ್ದಿ, ನಿನ್ನ ಕೇಳ್ಕ್ಯಂಡು ಹೇಳ್ತೆ ಹೇಳಿ ಎರಡು ನಿಮಿಷ ತಡದು ತಿರುಗಿ ಮಾಡಿದ್ನಲೆ."

ಆ ಲೈನು ಕೆಟ್ಟಿತ್ತಲ್ಲ! ಇಡ್ಲಿ ತಟ್ಟೆ ಬಿಟ್ಟು ಹೋದ ಆ ಐದು ನಿಮಿಷ. ಅಷ್ಟರಲ್ಲಿ ನನ್ನನ್ನು ಕೇಳಿದ್ದೂ ಆಯಿತು, ನಾನು ಒಲ್ಲೆ ಅಂದದ್ದೂ ಆಯಿತು.

ಸುಳ್ಳು ಹೇಳುವುದಾದರೆ ಗಾಡಿ ಕೆಟ್ಟಿದೆ ಅನ್ನಬಹುದಿತ್ತು, ಮಗುವಿಗೆ ಜ್ವರ ಅನ್ನಬಹುದಿತ್ತು. ನನ್ನ ಬಾಯಿಯೇ ಬೇಕಾಗಿತ್ತು ಇವರಿಗೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ. ಇವರು ಎರಡನ್ನೂ ಬಲ್ಲರು.

ಅಣ್ಣನಿಗೆ ಹೇಳಬೇಕು. ಹದಿಮೂರನೇ ದಿನಕ್ಕೆ ಎಲ್ಲ ಸೇರುತ್ತಾರೆ, ಎಲ್ಲರ ಮುಂದೆ ಹೇಳಬೇಕು. ಅಪ್ಪನನ್ನು ಕಾಯಿಸಿದ ಮಗಳು ಅಂತ ಹೆಸರು ಹೊತ್ತುಕೊಂಡು ನಾನು ಈ ಮನೆ ಮೆಟ್ಟಿಲು ಮತ್ತೆ ಹೇಗೆ ಹತ್ತಲಿ?

೨೯ ಮೇ, ಭಾನುವಾರ

ಆಯಿ ಹಿತ್ತಿಲಲ್ಲಿ ಬಾಳೆಲೆ ಒರೆಸುತ್ತಿದ್ದಳು, ನಾಳೆಯ ಊಟಕ್ಕೆ. ಜೊತೆಗೆ ಕೂತೆ. ಬೇರೆ ಯಾರೂ ಇರಲಿಲ್ಲ. ಎಲ್ಲ ಹೇಳಿದೆ. ಫೋನು, ಕೊಳ, ಜಾಮೂನು ಕೂಡ.

ಆಯಿ ಕೈ ನಿಲ್ಲಿಸಲಿಲ್ಲ. "ಎಂಗೆ ಗೊತ್ತಿದ್ದು ಕೂಸೆ."

ನಿನಗೆ ಏನು ಗೊತ್ತಿದೆ ಅಂದೆ.

"ನಿಂಗೆ ಅವ ಹೇಳಿದ್ನಿಲ್ಲೆ ಹೇಳಿ. ಗೊತ್ತಿದ್ದಿದ್ರೆ ನೀ ನಡಕಂಡಾದ್ರೂ ಬತ್ತಿದ್ದೆ. ಅದ್ಕೇ ಕಾದಿ."

ನನಗೆ ಆ ಕ್ಷಣ ಜೀವ ಬಂದ ಹಾಗಾಯಿತು. ಒಬ್ಬಳಿಗಾದರೂ ಗೊತ್ತಿದೆ. ಆಯಿಯ ಮಡಿಲಲ್ಲಿ ತಲೆ ಇಟ್ಟೆ. ತಲೆ ಸವರಿದಳು, ಒದ್ದೆ ಕೈಯಲ್ಲೇ. ನಾಳೆ ಎಲ್ಲರಿಗೂ ಹೇಳುತ್ತೇನೆ ಆಯಿ, ನೀನು ಪಕ್ಕದಲ್ಲಿರು ಅಂದೆ.

ಕೈ ನಿಂತಿತು.

"ಹೇಳಡ."

ತಲೆ ಎತ್ತಿದೆ.

"ನಾಗಪತಿ ಸಿಟ್ಟು ನಿಂಗೆ ಗೊತ್ತಿದ್ದು. ದಿನಕರನ ಈ ಮನೆಯಿಂದ ಹೊರಗೆ ಹಾಕ್ತ. ಅವ ನಿನ್ನ ಇಲ್ಲೇ ಬಿಟ್ಟಿಕ್ಕಿ ಹೋಗ್ತ. ಎರಡು ಮಕ್ಕ ಇದ್ದ ನಿಂಗೆ. ನಿನ್ನ ಅತ್ತಿಗೆ ಎಷ್ಟು ದಿನ ಅನ್ನ ಹಾಕ್ತು? ಹೋದವ್ವು ಹೋದ. ನೀನೇ ಬಂದಿದ್ದಿಲ್ಲೆ ಹೇಳಿ ಇದ್ಕಳ್ಳಿ. ನಾಲ್ಕು ದಿನ ಆಡ್ಕ್ಯತ್ತ, ಮರೀತ."

"ಅಪ್ಪಯ್ಯ?" ಅಂದೆ.

"ಅವ್ರಿಗೆ ಆನು ಹೇಳಿದ್ದಿ. ಕೂಸು ದಾರಿ ಮೇಲಿದ್ದು ಹೇಳಿ. ಕಣ್ಣು ಮುಚ್ಚೂ ಹೊತ್ತಿಗೆ."

ಅವಳೂ ಸುಳ್ಳೇ ಹೇಳಿದ್ದಳು. ಆದರೆ ಯಾರಿಗಾಗಿ! ಮತ್ತೆ ಎಲೆ ಒರೆಸತೊಡಗಿದಳು. ನಾನೂ ಒರೆಸಿದೆ. ಇನ್ನೇನು ಮಾಡಲಿ. ನನ್ನನ್ನು ನಂಬಿದ ಒಬ್ಬಳೇ ಒಬ್ಬಳು ನನ್ನ ಬಾಯಿ ಕಟ್ಟಿ ಹಾಕಿದಳು. ಆಯಿಯ ಮೇಲೆ ಸಿಟ್ಟು ಮಾಡಲೂ ಆಗುವುದಿಲ್ಲ. ಅವಳು ಹೇಳಿದ್ದು ಸುಳ್ಳಲ್ಲ, ಅದೇ ಹೆಚ್ಚು ಉರಿ.

೩೦ ಮೇ, ಮಧ್ಯಾಹ್ನ

ಹದಿಮೂರನೇ ದಿನದ ಊಟ. ಮಾಳಿಗೆಯ ಕಿಟಕಿಯಿಂದ ಚಪ್ಪರ ಕಾಣುತ್ತದೆ. ಇವರು ಬೆಳಿಗ್ಗೆಯೇ ಬಂದರು, ಬಿಳಿ ಪಂಚೆ, ಶಲ್ಯ. ಮಕ್ಕಳನ್ನು ತಂದಿದ್ದಾರೆ. ಅತ್ತೆಯೂ ಬಂದಿದ್ದಾರೆ, ಆಯಿಯ ಕೈ ಹಿಡಿದು ಅತ್ತರು. ಆಯಿಯೂ ಅತ್ತಳು.

ನನಗೆ ಹೇಳಿದ್ದು ಒಂದೇ ಮಾತು. "ಬ್ಯಾಗ್ ತುಂಬಿಟ್ಕ. ಬುಧವಾರ ಶಾಲೆ ಶುರು."

ಒಂದು ಮಾತು. ತಪ್ಪಾಯಿತು ಅಂತ ಒಂದು ಮಾತು ಅಂದಿದ್ದರೆ, ಮೂಲೆಯಲ್ಲಿ ಕರೆದು, ಯಾರಿಗೂ ಕೇಳದ ಹಾಗೆ... ನಾನು ಆಯಿ ಹೇಳಿದಂತೆ ಇದ್ದುಬಿಡುತ್ತಿದ್ದೆ. ಸತ್ಯವಾಗಿಯೂ ಇದ್ದುಬಿಡುತ್ತಿದ್ದೆ. ಬೆಳಿಗ್ಗೆಯಿಂದ ಕಾದೆ. ಪಕ್ಕದಲ್ಲೇ ಎರಡು ಸಲ ಹಾದು ಹೋದರು.

ಪಂಕ್ತಿ ಕೂತಿದೆ. ಅಳಿಯ ಅಂತ ಮೊದಲ ಸಾಲಿನಲ್ಲಿ ಕೂರಿಸಿದ್ದಾರೆ. ಶ್ರೀಪಾದಣ್ಣ ಎದುರಿಗೆ. ಅಣ್ಣ ಬಗ್ಗಿ ಇವರಿಗೆ ಏನೋ ಹೇಳುತ್ತಿದ್ದಾನೆ, ಬೆನ್ನ ಮೇಲೆ ಕೈ ಇಟ್ಟು. ನನ್ನ ಬೆನ್ನ ಮೇಲೆ ಇಡದ ಕೈ. ಹೆಂಡತಿಯ ಹಟಕ್ಕೆ ಸಿಕ್ಕಿಬಿದ್ದ ಪಾಪದ ಗಂಡ ಅಂತ ಕನಿಕರ ಇರಬೇಕು.

ಕೆಳಗಿಂದ ಅತ್ತಿಗೆ ಕೂಗುತ್ತಿದ್ದಾಳೆ. ಬಡಿಸಲು ಜನ ಸಾಲದಂತೆ, ಹೋಳಿಗೆ ನಾನು ತರಬೇಕಂತೆ. ಅಪ್ಪಯ್ಯನ ಮಗಳು ಒಂದು ಸುತ್ತು ಬಡಿಸಲಿ ಅಂತ ಹಿರಿಯರು ಹೇಳಿದರಂತೆ.

ಬಂದೆ ಅಂದೆ. ಮೊದಲ ಸಾಲಿನಿಂದಲೇ ಶುರು ಮಾಡಬೇಕು. ಇವರ ಎಲೆಯ ಮುಂದೆ ನಿಂತಾಗ ಎಲ್ಲರೂ ನನ್ನ ಮುಖವನ್ನೇ ನೋಡುತ್ತಾರೆ, ಅಣ್ಣ ಅಲ್ಲೇ ಇರುತ್ತಾನೆ, ಆಯಿ ಬಾಗಿಲ ಸಂದಿಯಲ್ಲಿ. ಹೋಳಿಗೆ ಹಾಕುವ ಮೊದಲು ನಾನು ಎಲ್ಲ ಹೇಳುತ್ತೇನೆ.